ಉಪ್ಪರಿಗೆಯ ಮೆಷಿನು, ಕೆಳಗಿನ ಮಾಷ್ಟ್ರು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ, ನಮ್ಮ ಮನೆಗೆ ಮೆಷಿನುಗಳು ಬರುತ್ತವೆ. ನಮ್ಮ ಯಜಮಾನರಿಗೆ ಸಿಸಿ ಕ್ಯಾಮೆರಾ, ಇನ್ವರ್ಟರ್ ಕೂರಿಸುವ ಕೆಲಸ. ಪುತ್ತೂರು, ಸುಳ್ಯ, ಕಡಬ ಅಂತ ಬೈಕಿನಲ್ಲಿ ಸುತ್ತುವ ಜನ. ಯಾರಿಗೋ ಬೇಡವಾದದ್ದು ಇವರ ಕಣ್ಣಿಗೆ ಬಂಗಾರವಾಗಿ ಕಾಣುತ್ತದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬಂದದ್ದನ್ನು ನೋಡಿ ನಗುವುದೂ ಬೈಯುವುದೂ ನನ್ನ ಪಾಲಿಗೆ. ಈಗ ಹೇಳುತ್ತಿರುವುದು ಒಂದು ಮಳೆಗಾಲದ ಸಂಗತಿ. ಆಗ ಬೈದದ್ದೇ ಹೆಚ್ಚು. ಈಗ ನೆನೆಸಿಕೊಂಡರೆ ಎಲ್ಲರಿಗೂ ಒಮ್ಮೆ ಕೈಮುಗಿಯುವ ಅನ್ನಿಸುತ್ತದೆ.

೧. ಲೆಕ್ಕದ ಮೆಷಿನು

ಈಶ್ವರಮಂಗಲದಲ್ಲಿ ಒಬ್ಬರ ಮನೆಗೆ ಕ್ಯಾಮೆರಾ ಹಾಕಲು ಹೋದ ಇವರು ಸಂಜೆ ಆಟೋದಲ್ಲಿ ಎರಡು ಪೆಟ್ಟಿಗೆ ಹೇರಿಕೊಂಡು ಬಂದರು. ಎರಡೂ ಬಿಟ್‌ಕಾಯಿನ್ ಮೈನಿಂಗ್ ಮೆಷಿನಂತೆ, ಸೆಕೆಂಡ್ ಹ್ಯಾಂಡ್. ನಾನು ಹೊಸ ಹೊಲಿಗೆ ಮೆಷಿನಿಗೆ ಅಂತ ಎತ್ತಿಟ್ಟ ದುಡ್ಡು ಅದರೊಳಗೆ ಹೋಗಿತ್ತು. ಅದು ಹಗಲು ರಾತ್ರಿ ಎಂತದೋ ದೊಡ್ಡ ಲೆಕ್ಕ ಮಾಡುತ್ತದೆ, ಮಾಡಿದ್ದಕ್ಕೆ ಇಂಟರ್‌ನೆಟ್ಟಿನಲ್ಲಿ ನಾಣ್ಯದ ಚೂರು ಸಿಗುತ್ತದೆ, ಅದನ್ನು ಮಾರಿದರೆ ದುಡ್ಡು ಅಂತ ಇವರು ವಿವರಿಸಿದರು. ಊಟ ಬೇಡ, ತಿಂಡಿ ಬೇಡ, ಕೂತಲ್ಲೇ ದುಡಿಯುವ ವಸ್ತು ಅಂದರು. ಹಾಗೆ ಕೂತಲ್ಲೇ ದುಡಿಯುವವಳು ಮನೆಯಲ್ಲಿ ಒಬ್ಬಳು ಇದ್ದಾಳಲ್ಲ ಅಂದೆ. ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಸ್ವಿಚ್ ಹಾಕಿ ಆಗಿತ್ತು.

ಅದರ ಫ್ಯಾನು ಕೂಗಿದ ಕೂಗಿಗೆ ಗೋಡೆಯ ಕ್ಯಾಲೆಂಡರ್ ಅಲುಗಾಡಿತು. ಅರ್ಧ ಗಂಟೆಯಲ್ಲಿ ರೂಮು ಗೇರುಬೀಜ ಹುರಿಯುವ ಫ್ಯಾಕ್ಟರಿಯಷ್ಟು ಬಿಸಿಯಾಯಿತು.

ನಾವಿರುವುದು ಕಡಬದಲ್ಲಿ, ಬಾಡಿಗೆಗೆ, ಉಪ್ಪರಿಗೆಯಲ್ಲಿ. ಕೆಳಗೆ ಓನರ್ ಮಾಷ್ಟ್ರು ಮತ್ತು ಅವರ ಹೆಂಡತಿ. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಮಾಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊಣಗಂಟು ನೋವು, ಮೆಟ್ಟಿಲು ಹತ್ತುವುದಿಲ್ಲ. ಏನಿದ್ದರೂ ಅಂಗಳದಲ್ಲಿ ನಿಂತು ಮೇಲೆ ನೋಡಿ ಹೇಳುವುದು. ಆ ದಿನವೂ ಹಾಗೇ ನಿಂತು ಎಂತ ಶಬ್ದ ಅಂತ ಕೇಳಿದರು. ಇವರು ಬಹಳ ವಿನಯದಿಂದ, ಲೆಕ್ಕ ಮಾಡುವ ಮೆಷಿನು ಮಾಷ್ಟ್ರೇ ಅಂದರು. ಮಾಷ್ಟ್ರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

"ಮೂವತ್ತೈದು ವರ್ಷ ಲೆಕ್ಕ ಮಾಡಿಸಿದ್ದೇನೆ ಮಾರಾಯ್ರೆ. ಲೆಕ್ಕ ಬರುವವರು ಯಾರೂ ಹೀಗೆ ಬೊಬ್ಬೆ ಹೊಡಿಲಿಲ್ಲ."

೨. ಪೆರಾಬೆಯಿಂದ ಬಂದವರು

ಮಳೆ ಸ್ವಲ್ಪ ಬಿಟ್ಟರೆ ಸಾಕು, ನಮ್ಮ ಕಡೆ ಎಲ್ಲರಿಗೂ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಅವಸರ. ಮದ್ದು ಬಿಡುವವರು ಸಿಗುವುದು ಮಾತ್ರ ಮಗನಿಗೆ ಹೆಣ್ಣು ಸಿಗುವುದಕ್ಕಿಂತ ಕಷ್ಟ. ಹಾಗೆ ಹುಡುಕುತ್ತಾ ಪೆರಾಬೆ ಕಡೆಯ ಒಬ್ಬರು ಕಡಬಕ್ಕೆ ಬಂದವರು ನಮ್ಮ ಮನೆಯ ಸದ್ದು ಕೇಳಿ ಅಂಗಳಕ್ಕೆ ಬಂದು ನಿಂತರು. ಮದ್ದಿನ ಪಂಪು ಇಲ್ಲೇ ಎಲ್ಲೋ ಓಡುತ್ತಿದೆ, ಕೆಲಸ ಮುಗಿಸಿ ಜನ ಬರಲಿ ಅಂತ ಕೊಡೆ ಮಡಚಿ ಕಾದರು. ಮುಕ್ಕಾಲು ಗಂಟೆ ಕಾದರು.

ನಾನು ಇಳಿದು ವಿಚಾರಿಸಿದೆ. ಇಲ್ಲಿ ಮದ್ದು ಬಿಡುವವರು ಯಾರೂ ಇಲ್ಲ ಅಂದೆ. ಹಾಗಾದರೆ ಒಳಗೆ ಓಡುವುದು ಎಂತ ಅಂತ ಕೇಳಿದರು. ಕಂಪ್ಯೂಟರು ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಕಂಪ್ಯೂಟರನ್ನು ಅವರೂ ಬ್ಯಾಂಕಿನಲ್ಲಿ ಕಂಡವರೇ.

"ಎರಡು ದಿನ ತಡ ಆದರೂ ತೊಂದರೆ ಇಲ್ಲ ಅಕ್ಕ. ಸುಳ್ಳು ಹೇಳುದು ಬೇಡ."

೩. ಆಟಿಯ ಉಪಕಾರ

ಐದನೇ ದಿನ ಮಾಷ್ಟ್ರ ತಾಳ್ಮೆ ಮುಗಿಯಿತು. ಅಂಗಳದಲ್ಲಿ ನಿಂತು, ನಿಮ್ಮ ಮೇಲೆ ದ್ವೇಷ ಇಲ್ಲ, ಆದರೆ ನನಗೆ ಪೇಪರ್ ಓದಲಿಕ್ಕೆ ಆಗುವುದಿಲ್ಲ, ಬೇರೆ ಮನೆ ನೋಡಿಕೊಳ್ಳಿ ಅಂದುಬಿಟ್ಟರು. ಮಗಳು ಹತ್ತನೇ ಕ್ಲಾಸು, ಶಾಲೆ ನಡೆದು ಹೋಗುವಷ್ಟು ಹತ್ತಿರ. ನನ್ನ ಹೊಲಿಗೆಯ ಗಿರಾಕಿಗಳೆಲ್ಲ ಇದೇ ಕೇರಿಯವರು. ಮೆಷಿನು ಇಟ್ಟುಕೊಂಡರೆ ಮನೆ ಹೋಗುತ್ತದೆ, ಮಾರಿದರೆ ಹಾಕಿದ ದುಡ್ಡಿನ ಕಾಲುಭಾಗವೂ ಹುಟ್ಟುವುದಿಲ್ಲ.

ಎಷ್ಟು ದಿನದೊಳಗೆ ಅಂತ ಇವರು ಕೇಳಿದರು. ಮಾಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. ಅಲ್ಲಿಗೆ ಅವರ ಮುಖ ಸಣ್ಣದಾಯಿತು. ಮರುದಿನದಿಂದ ಆಟಿ, ನಮ್ಮ ತುಳು ಲೆಕ್ಕದ ಆಷಾಢ. ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಮನೆ ಬದಲಾಯಿಸುವುದೂ ಇಲ್ಲ. ಹೋದವರಿಗೂ ಒಳ್ಳೆಯದಲ್ಲ, ಕಳಿಸಿದವರಿಗೂ ಒಳ್ಳೆಯದಲ್ಲ ಅಂತ ಒಂದು ನಂಬಿಕೆ. ಗಣಿತದ ಮಾಷ್ಟ್ರಾದರೇನು, ಆಟಿಗೆ ಅವರೂ ಹೆದರುವವರೇ. ಆಟಿ ಕಳೆದು ಸೋಣ ತಿಂಗಳ ಒಂದನೇ ತಾರೀಕಿಗೆ ಖಾಲಿ ಮಾಡಿ, ಇಲ್ಲ ಅಷ್ಟರೊಳಗೆ ಸದ್ದು ನಿಲ್ಲಿಸಿ ಅಂತ ಹೇಳಿ ಒಳಗೆ ಹೋದರು. ಪೂರಾ ಒಂದು ತಿಂಗಳು ಸಿಕ್ಕಿತು.

ಆಟಿಯೆಂದರೆ ಕಷ್ಟದ ತಿಂಗಳು ಅಂತ ಹಿರಿಯರು ಹೇಳುತ್ತಾರೆ. ಪಾಪ, ಅವರು ಬಾಡಿಗೆ ಮನೆಯಲ್ಲಿ ಇದ್ದವರಲ್ಲ.

೪. ಮೊಟ್ಟೆ ಟ್ರೇ

ಸದ್ದು ತಡೆಯಲು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಕು ಅಂತ ಇವರು ಎಲ್ಲೋ ವಿಡಿಯೋದಲ್ಲಿ ನೋಡಿದರು. ಮರುದಿನದಿಂದ ಬೇಕರಿ, ಹೋಟೆಲು, ಆಮ್ಲೆಟ್ ಗಾಡಿ, ಯಾವುದನ್ನೂ ಬಿಡಲಿಲ್ಲ. ದಿನವೂ ಬೈಕಿನ ಹಿಂದೆ ಖಾಲಿ ಟ್ರೇಗಳ ಕಟ್ಟು. ಕೆಳಗಿನದು ಮೊಟ್ಟೆ ಮುಟ್ಟದ ಮನೆ. ಅಕ್ಕ ಕಿಟಕಿಯಿಂದ ನೋಡುತ್ತಿದ್ದರು.

ಟ್ರೇ ಅಂಟಿಸಿದ ಮೇಲೆ ಸದ್ದು ಸ್ವಲ್ಪ ತಗ್ಗಿದ್ದು ನಿಜ. ಆದರೆ ಸೆಕೆ ಹೊರಗೆ ಹೋಗಲು ದಾರಿಯಿಲ್ಲದೆ ಎರಡೇ ದಿನದಲ್ಲಿ ಟ್ರೇಗಳು ಕಂದು ಬಣ್ಣಕ್ಕೆ ತಿರುಗಿದವು. ಇನ್ನು ಬಿಟ್ಟರೆ ಮನೆಗೇ ಬೆಂಕಿ ಅಂತ ನಾನೇ ಎಲ್ಲ ಕಿತ್ತು ಕೆಳಗೆ ತಂದು ರಾಶಿ ಹಾಕಿದೆ. ಅಕ್ಕ ಆ ರಾಶಿಯನ್ನು ನೋಡಿ, ನನ್ನನ್ನು ಬದಿಗೆ ಕರೆದು ಕೈ ಹಿಡಿದುಕೊಂಡರು. ತಿನ್ನುವುದು ನಿಮ್ಮ ಇಷ್ಟ, ನಮ್ಮದೇನೂ ಆಕ್ಷೇಪ ಇಲ್ಲ ಅಂತ ಸುರುಮಾಡಿದರು.

"ಆದರೆ ಮೂರೇ ಜನ ಅಲ್ವಾ ಇರುದು? ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ."

೫. ಅತ್ತೆಯ ರಬ್ಬರು

ನನ್ನ ಅತ್ತೆ ಇರುವುದು ಐವರ್ನಾಡಿನಲ್ಲಿ, ಸ್ವಲ್ಪ ರಬ್ಬರು ತೋಟ ಉಂಟು. ಮೆಷಿನಿನ ನಡುಕ ನೆಲಕ್ಕೆ ಇಳಿದು ಮಾಷ್ಟ್ರ ತಲೆಯ ಮೇಲೆ ಗುಂಯ್ ಅನ್ನುತ್ತದೆ, ಅದರ ಅಡಿಯಲ್ಲಿ ರಬ್ಬರ್ ಹಾಕಿದರೆ ನಿಲ್ಲುತ್ತದೆ ಅಂತ ಇವರು ಅಮ್ಮನಿಗೆ ಫೋನ್ ಮಾಡಿದರು. ಅತ್ತೆಗೆ ಮಗನೆಂದರೆ ಜೀವ. ಮಾರನೇ ದಿನವೇ ಬಸ್ಸಿನಲ್ಲಿ ರಬ್ಬರು ಹಾಲು ಹೆಪ್ಪುಹಾಕಿ ಮಾಡಿದ ಎಂಟು ಶೀಟು ತಂದರು. ಮಳೆಗಾಲದ ಶೀಟು, ಇನ್ನೂ ಹಸಿ. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು. ಒಂದು ವಾರ ನನ್ನ ಗಿರಾಕಿಗಳು ಅಳತೆ ಕೊಡುವಾಗ ಮೂಗಿಗೆ ಸೆರಗು ಹಿಡಿದೇ ನಿಂತರು.

ನಡುಕ ಮಾತ್ರ ನಿಂತಿತು. ಅದಕ್ಕೆ ಅತ್ತೆಗೆ ಎಷ್ಟು ಕೈಮುಗಿದರೂ ಸಾಲದು. ಮುಂದಿನ ವಾರ ನೋಡಲು ಬಂದ ಅತ್ತೆ ಮೆಷಿನಿನ ಬಿಸಿಗೆ ಒಣಗಿದ ಶೀಟನ್ನು ಎತ್ತಿ ಬೆಳಕಿಗೆ ಹಿಡಿದರು. ಜೇನಿನ ಬಣ್ಣ ಬಂದಿತ್ತು. ರಬ್ಬರು ಒಣಗಿಸುವ ಹೊಗೆಮನೆಯಲ್ಲಿ ಇಟ್ಟರೂ ಇಷ್ಟು ಚಂದ ಆಗುವುದಿಲ್ಲ ಅಂತ ಎಂಟನ್ನೂ ಎಳೆದು ಚೀಲಕ್ಕೆ ತುಂಬಿದರು, ಬದಲಿಗೆ ಇಪ್ಪತ್ತು ಹಸಿ ಶೀಟು ಇಟ್ಟರು. ಮಗನ ನಾಣ್ಯ ಎಲ್ಲಿಗೆ ಬಂತು ಅಂತ ಒಂದು ಮಾತು ಕೇಳಲಿಲ್ಲ. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ, ಎರಡು ದಿನಕ್ಕೊಮ್ಮೆ ಮಗುಚಿ ಹಾಕು.

೬. ಅಕ್ಕನ ಗುಟ್ಟು

ಕೊನೆಗೆ ಇವರು ಮೆಷಿನುಗಳಿಗೆ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಬಿಸಿಗಾಳಿ ಹೋಗಲು ಹೋಟೆಲಿನ ಚಿಮಣಿಗೆ ಹಾಕುವ ದಪ್ಪ ಪೈಪನ್ನು ಜೋಡಿಸಿ, ಬಾಯಿಯನ್ನು ಹಿಂದಿನ ಮೆಟ್ಟಿಲ ಮೇಲಿನ ತಗಡಿನ ಮಾಡಿನ ಕೆಳಗೆ ಬಿಟ್ಟರು. ಬೊಬ್ಬೆ ಹೋಗಿ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಉಳಿಯಿತು. ಅದೂ ಆಗದು, ಒಪ್ಪಂದ ಒಪ್ಪಂದವೇ ಅಂದರು ಮಾಷ್ಟ್ರು.

ಆಟಿಯ ಮಳೆಯಲ್ಲಿ ಒಗೆದ ಬಟ್ಟೆ ನಾಲ್ಕು ದಿನ ನೇತಾಡಿದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ನಾನು ಪೈಪಿನ ಬಾಯಿಗೆ ಎದುರಾಗಿ ಹಗ್ಗ ಕಟ್ಟಿದೆ. ಒಂದು ಗಂಟೆಯಲ್ಲಿ ಯೂನಿಫಾರ್ಮು ಗರಿಗರಿ. ಇದನ್ನು ಅಕ್ಕ ನೋಡಿದರು. ಮರುದಿನ ಮಾಷ್ಟ್ರು ಪೇಪರಿನಲ್ಲಿ ಮುಳುಗಿದ್ದಾಗ ಹಿಂದಿನ ಬಾಗಿಲಿನಿಂದ ಒಂದು ಬಕೆಟ್ ಹಿಡಿದು ಮೇಲೆ ಬಂದು, ಅವರಿಗೆ ಹೇಳುವುದು ಬೇಡ ಅಂತ ಪಿಸುಗುಟ್ಟಿದರು. ಆಮೇಲೆ ಉದ್ದಿನ ಹಿಟ್ಟು ಬಂತು. ಮಳೆಗಾಲದಲ್ಲಿ ಹಿಟ್ಟು ಉಬ್ಬುವುದಿಲ್ಲವಲ್ಲ, ಪೈಪಿನ ಬದಿಯಲ್ಲಿಟ್ಟರೆ ಬೆಳಿಗ್ಗೆಗೆ ಪಾತ್ರೆಯ ಮುಚ್ಚಳ ಎತ್ತಿ ನಿಂತಿರುತ್ತಿತ್ತು. ಹದಿನೈದು ದಿನದಲ್ಲಿ ನನ್ನ ಮೆಟ್ಟಿಲಿನಲ್ಲಿ ನಾಲ್ಕು ಮನೆಯ ಪಾತ್ರೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಗುರುತು. ದಾರಕ್ಕೆ ನನ್ನಲ್ಲಿ ಬರವೇ?

ಒಂದು ಬೆಳಿಗ್ಗೆ ಮಾಷ್ಟ್ರು ಬೆಚ್ಚಗಿನ ಬಿಳಿ ಪಂಚೆ ಉಟ್ಟು, ಹೂವಿನಂಥ ಇಡ್ಲಿ ತಿಂದು, ತುಂಬ ಸಂತೋಷದಲ್ಲಿ ಅಂಗಳಕ್ಕೆ ಬಂದರು. ಹೆಂಡತಿ ಸಾಬೂನು ಬದಲಾಯಿಸಿದ್ದಾಳೆ, ಬಟ್ಟೆಗೆ ವಾಸನೆಯೇ ಇಲ್ಲ, ಕೈಗುಣವೂ ಈಚೆಗೆ ಹೆಚ್ಚಾಗಿದೆ ಅಂತ ನನ್ನ ಹತ್ತಿರ ಹೊಗಳಿದರು. ಅವರ ಹಿಂದೆ ನಿಂತ ಅಕ್ಕ ನನ್ನನ್ನು ನೋಡಿ ಬಾಯಿಗೆ ಬೆರಳಿಟ್ಟರು.

"ಈ ಮನೆಯಲ್ಲಿ ಈಗ ಎಲ್ಲ ಚಂದ ಉಂಟು," ಅಂದರು ಮಾಷ್ಟ್ರು. "ನಿಮ್ಮ ಆ ಮೆಷಿನು ಒಂದು ಹೋದರೆ ಮುಗಿಯಿತು."

೭. ಸೋಣ ಒಂದು

ಆಟಿ ಮುಗಿಯುತ್ತಾ ಬಂತು. ಮನೆ ಹುಡುಕಿ ಹುಡುಕಿ ಇವರ ಬೈಕಿನ ಟಯರು ಸವೆಯಿತೇ ಹೊರತು ಮನೆ ಸಿಗಲಿಲ್ಲ. ಸಿಕ್ಕಿದ್ದು ಶಾಲೆಗೆ ದೂರ, ಹತ್ತಿರದ್ದು ನಮ್ಮ ಕೈಗೆ ಮೀರಿದ್ದು. ಆಟಿಯ ಕೊನೆಯ ಸಂಜೆ ಇವರು ಸ್ವಿಚ್ ತೆಗೆದರು, ಎರಡು ಮೆಷಿನನ್ನೂ ಬಂದ ಪೆಟ್ಟಿಗೆಗೇ ತುಂಬಿ ದಾರ ಕಟ್ಟಿದರು. ಹೋದ ದುಡ್ಡು ಹೋಯಿತು, ಮಗಳ ಶಾಲೆ ಉಳಿಯಲಿ, ನಾಳೆ ಮಾಷ್ಟ್ರ ಕಾಲು ಹಿಡಿಯುವ ಅಂದರು. ಒಂದು ತಿಂಗಳು ಬೈದವಳು ನಾನೇ. ಆ ಖಾಲಿ ಮರದ ಪೆಟ್ಟಿಗೆ ನೋಡಿ ನನಗೇ ಅಳು ಬಂತು. ಅಷ್ಟು ಕಷ್ಟಪಟ್ಟಿದ್ದರು ಮನುಷ್ಯ.

ಬೆಳಿಗ್ಗೆ ಏಳು ಗಂಟೆಗೆ ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದು. ಒಂದು ಹೆಜ್ಜೆ, ಒಂದು ನರಳಿಕೆ, ಮತ್ತೆ ಒಂದು ಹೆಜ್ಜೆ. ಮಾಷ್ಟ್ರು ಹತ್ತಿ ಬರುತ್ತಿದ್ದರು. ಆ ಮೊಣಗಂಟು ಹಿಡಿದು ಬರಬೇಕಾದರೆ ಖಾಲಿ ಮಾಡಿಸಲೆಂದೇ ಬಂದದ್ದು ಅಂತ ನಮ್ಮಿಬ್ಬರಿಗೂ ಖಾತ್ರಿಯಾಯಿತು. ಬಾಗಿಲು ತೆರೆದೆ. ಮಾಷ್ಟ್ರ ಕಣ್ಣು ಕೆಂಪಾಗಿತ್ತು. ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ತಲೆದಿಂಬು.

ಇವರು ಗಾಬರಿಯಲ್ಲಿ, ಮೆಷಿನು ಬಂದ್ ಮಾಡಿದ್ದೇವೆ ಮಾಷ್ಟ್ರೇ, ಇವತ್ತೇ ಮಾರುತ್ತೇವೆ, ನಮ್ಮನ್ನು ಇಲ್ಲಿಂದ ಕಳಿಸಬೇಡಿ ಅಂತ ಒಂದೇ ಉಸಿರಿಗೆ ಹೇಳಿದರು. ಮಾಷ್ಟ್ರು ಕುರ್ಚಿಯಲ್ಲಿ ಕೂತು ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮಾರುದಾ? ಮೊದಲು ಅದನ್ನು ಹಾಕಿ ಮಾರಾಯ್ರೆ," ಅಂದರು. "ನಾನು ಗೊರಕೆ ಹೊಡಿತೇನಂತೆ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಮದುವೆಯಾಗಿ ನಲವತ್ತು ವರ್ಷ, ಅಕ್ಕ ಒಂದು ದಿನ ಬಾಯಿ ಬಿಟ್ಟಿರಲಿಲ್ಲ. ಮೇಲಿನಿಂದ ಗುಂಯ್ ಅಂತ ಸದ್ದು ಬರಲು ಸುರುವಾದ ಮೇಲೆ ಗೊರಕೆ ಅದರಲ್ಲಿ ಮುಚ್ಚಿಹೋಗಿ, ಆಕೆ ಮದುವೆಯಾದ ಮೇಲೆ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದ್ದರಂತೆ. ನಾವು ಮೆಷಿನು ನಿಲ್ಲಿಸಿದ ರಾತ್ರಿ ಅಕ್ಕನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಗಿನ ಜಾವ ಮಾಷ್ಟ್ರನ್ನು ಎಬ್ಬಿಸಿ ನಲವತ್ತು ವರ್ಷದ್ದನ್ನೂ ಒಟ್ಟಿಗೆ ಹೇಳಿದರಂತೆ, ಪಂಚೆಯ ವಿಷಯ, ಇಡ್ಲಿಯ ವಿಷಯ ಸೇರಿಸಿ.

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಕ್ಕನ ಋಣವನ್ನು ಯಾವ ನಾಣ್ಯದಲ್ಲಿ ತೀರಿಸುವುದೋ ದೇವರಿಗೇ ಗೊತ್ತು. ಇವರು ಅಷ್ಟು ಹೊತ್ತಿಗೆ ಪೆಟ್ಟಿಗೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದರು. ಎಲ್ಲ ಜೋಡಿಸಲು ಒಂದು ಗಂಟೆ ಹಿಡಿಯುತ್ತದೆ, ನೀವು ಆರಾಮ ಕೆಳಗೆ ಹೋಗಿ ಮಾಷ್ಟ್ರೇ, ಆದ ಕೂಡಲೇ ಹೇಳುತ್ತೇನೆ ಅಂದರು. ಮಾಷ್ಟ್ರು ಎದ್ದು ಬಾಗಿಲಿಗೆ ಹೋಗಿ ಕೆಳಗೆ ಇಣುಕಿದರು. ಅಂಗಳದಲ್ಲಿ, ಇಷ್ಟು ವರ್ಷ ಮಾಷ್ಟ್ರು ನಿಲ್ಲುತ್ತಿದ್ದ ಜಾಗದಲ್ಲೇ, ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ಮೇಲೆ ನೋಡುತ್ತಿದ್ದರು.

"ಅದು ಸುರು ಆಗುವವರೆಗೆ ನೀವು ಕೆಳಗೆ ಬರುದು ಬೇಡ."

ಮಾಷ್ಟ್ರು ತಿರುಗಿ ಬಂದು ನನ್ನ ಹೊಲಿಗೆ ಮೆಷಿನಿನ ಬದಿಯಲ್ಲಿ ಚಾಪೆ ಬಿಡಿಸಿದರು. ಸೋಣ ಒಂದಕ್ಕೆ ಒಬ್ಬರು ಮನೆ ಖಾಲಿ ಮಾಡಿದ್ದಂತೂ ಹೌದು, ಆದರೆ ಅದು ಓನರು.