ಗಾಜಿನ ವ್ಯಾನಿನ ಮುಂದಿನ ಸೀಟಿನ ಸನ್ನಿಧಾನಕ್ಕೆ

ಸದಾ ಆಸೀನರಾಗಿರುವ, ಆದರೆ ಇನ್ನೊಬ್ಬರು ಆಸೀನರಾಗುವುದನ್ನು ಮಾತ್ರ ಸಹಿಸದ, ನಮ್ಮ ಗಾಜಿನಂಗಡಿಯ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸ್ಥಾನವನ್ನು ಅಲಂಕರಿಸಿರುವ ಸೀಟಿನವರಿಗೆ, ಅಂಗಡಿಯ ಒಡತಿಯಾದ ನಾನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಸ್ಪ್ರಿಂಗುಗಳು ಕ್ಷೇಮವೆಂದೂ, ತಮ್ಮ ರೆಕ್ಸಿನ್ನಿನ ಹರಿದ ಮೂಲೆ ಇನ್ನಷ್ಟು ಹರಿಯದೆ ಮರ್ಯಾದೆಯಿಂದ ಇದೆಯೆಂದೂ ನಂಬಿದ್ದೇನೆ. ಇತ್ತ ನಮ್ಮ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ತಾವು. ದೊಡ್ಡವರಿಗೆ ಬರೆಯುವಾಗ ಮೊದಲು ನಾಲ್ಕು ಹೊಗಳಿಕೆ ಹಾಕಿ ಆಮೇಲೆ ವಿಷಯಕ್ಕೆ ಬರಬೇಕೆಂಬುದು ನನಗೂ ಗೊತ್ತು, ಆದರೆ ಹೊಟ್ಟೆ ಉರಿಯುತ್ತಿರುವಾಗ ಹೊಗಳಿಕೆ ಸ್ವಲ್ಪ ತಡವಾಗಿ ಬರುತ್ತದೆ. ಬಂದೇ ಬರುತ್ತದೆ, ತಾಳ್ಮೆಯಿರಲಿ.

ತಮಗೆ ನನ್ನ ಪರಿಚಯ ಇರಲಾರದು, ಏಕೆಂದರೆ ಅಂಗಡಿ ನನ್ನದೇ ಆದರೂ ತಮ್ಮ ಮೇಲೆ ಕೂರುವ ಭಾಗ್ಯ ನನಗೂ ಒದಗಿ ಬಂದಿಲ್ಲ. ನಾನು ಅಂಗಡಿಯಲ್ಲಿ ಅಳತೆ ತೆಗೆದುಕೊಂಡು ಗಾಜು ಕತ್ತರಿಸಿ ಕೊಡುವವಳು. ಅದನ್ನು ವ್ಯಾನಿಗೇರಿಸಿ ಗಿರಾಕಿಗಳ ಕಿಟಕಿ ಬಾಗಿಲುಗಳಿಗೆ ಕೂರಿಸಿ ಬರುವವನು ನನ್ನ ತಮ್ಮ. ಅವನ ಕೈಕೆಳಗೆ ಕಸುಬು ಕಲಿಯುತ್ತಿದ್ದವಳು ನನ್ನ ಮಗಳು. ಅಂದರೆ ಗುರು ಸೋದರಮಾವ, ಶಿಷ್ಯೆ ಅಕ್ಕನ ಮಗಳು, ನಡುವೆ ಅಡಕತ್ತರಿಗೆ ಸಿಕ್ಕ ಅಡಕೆ ನಾನು. ಅವಳ ಅಪ್ಪ ಬುದ್ಧಿವಂತರು. ಜಗಳದ ವಾಸನೆ ಬಡಿದ ಕೂಡಲೇ ಪೇಪರು ಬಿಡಿಸಿಕೊಂಡು, ಅದು ನಿನ್ನೆಯದಾದರೂ ಸರಿ, ಅದರ ಹಿಂದೆ ಮರೆಯಾಗುತ್ತಾರೆ.

ವಿಷಯ ಏನೆಂದರೆ, ನಮ್ಮ ಮನೆತನದ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೆಲಸ ಕಲಿಯುವವರು ವ್ಯಾನಿನ ಹಿಂಭಾಗದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಸ್ಟ್ಯಾಂಡಿಗೆ ಒರಗಿಸಿದ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ಕೆಲಸದ ಜಾಗದವರೆಗೆ ಹೋಗಬೇಕು. ಗಾಜು ಹೇಗೆ ನಡುಗುತ್ತದೆ, ಯಾವ ತಿರುವಿನಲ್ಲಿ ಹೆದರುತ್ತದೆ, ಯಾವ ಬೆಲ್ಟು ಸಡಿಲವಾದಾಗ ಗುಂಯ್ ಎನ್ನುತ್ತದೆ ಎಂಬುದು ಅಂಗೈಗೆ ಮಾತ್ರ ತಿಳಿಯುತ್ತದಂತೆ, ಪುಸ್ತಕಕ್ಕೆ ತಿಳಿಯುವುದಿಲ್ಲವಂತೆ. ನಮ್ಮಪ್ಪ ನನ್ನ ತಮ್ಮನನ್ನು ಹೀಗೆಯೇ ಕೂರಿಸಿಕೊಂಡು ಹೋಗುತ್ತಿದ್ದರು, ತಮ್ಮನ ಸೊಂಟ ಅಂದು ಹಿಡಿದದ್ದು ಇಂದಿಗೂ ಬಿಟ್ಟಿಲ್ಲ, ಆದ್ದರಿಂದ ತನ್ನ ಅಕ್ಕನ ಮಗಳ ಸೊಂಟಕ್ಕೂ ಅದೇ ಸೌಭಾಗ್ಯ ಸಿಗಲೆಂದು ಅವನ ಪ್ರೀತಿಯ ಹಾರೈಕೆ.

ಮಗಳು ಪಾಪ, ಮೊದಮೊದಲು ಬಾಯಿ ಮುಚ್ಚಿಕೊಂಡೇ ಕೂತಳು. ನೇರವಾಗಿ ಕತ್ತರಿಸಲು ಕಲಿತ ಮೇಲೆ ಮುಂದಿನ ಸೀಟು ಎಂದ ಮಾವ, ಅವಳು ನೇರವಾಗಿ ಕತ್ತರಿಸಿ ತೋರಿಸಿದಾಗ ಗಾಜನ್ನು ಬಾಗಿಸಿ ಕಮಾನು ಕತ್ತರಿಸಿದ ಮೇಲೆ ಎಂದ. ಕಮಾನು ಬಂದಾಗ ಅಂಗಡಿ ಮುಂಗಟ್ಟಿನ ದೊಡ್ಡ ಗಾಜನ್ನು ತಾನೇ ನಿಂತು ಕೂರಿಸಿದ ಮೇಲೆ ಎಂದ. ಅದನ್ನೂ ಅವಳು ಕೂದಲೆಳೆ ಸಂದಿಲ್ಲದೆ ಕೂರಿಸಿ ಬಂದ ದಿನ, ನೋಡೋಣ ಬಿಡು, ಸೀಟೇನು ಎಲ್ಲಿಗೂ ಓಡಿ ಹೋಗಲ್ಲ ಎಂದ. ನಿಜ, ತಾವು ಎಲ್ಲಿಗೂ ಓಡಿ ಹೋಗಲಿಲ್ಲ. ಓಡಿದವಳು ಅವಳು.

ಮಾರನೆಯ ದಿನದಿಂದ ಅವಳು ಬಸ್ಸು ಹಿಡಿದಳು. ಗಾಜಿಗೆ ಸ್ಟ್ಯಾಂಡಿದೆ, ರಬ್ಬರಿದೆ, ಬೆಲ್ಟುಗಳಿವೆ, ಇನ್ನೊಂದು ಬೆಲ್ಟಾಗೋಕೆ ನಾನು ಹುಟ್ಟಿಲ್ಲ, ಮಾವ ಬ್ರೇಕ್ ಹಾಕಿದರೆ ಗಾಜು ಒಡೆಯೋದು ನನ್ನ ಕುತ್ತಿಗೆ ಮೇಲೆ ಎಂಬುದು ಅವಳ ವಾದ. ಬಸ್ಸಲ್ಲಿ ಬರೋರು ನೆಂಟರು, ಕೆಲಸದವರಲ್ಲ, ಗಾಜಿನ ಜೊತೆ ಹೊರಟು ಗಾಜಿನ ಜೊತೆ ಇಳಿಯೋರಿಗೆ ಮಾತ್ರ ಗಾಜು ಒಲಿಯುತ್ತೆ ಎಂಬುದು ಅವನ ವಾದ. ಬಸ್ಸು ಮೊದಲು ತಲುಪಿದರೆ, ಮೇಸ್ತ್ರಿಗಿಂತ ಮುಂಚೆ ಬಂದು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಾಳೆ ಎಂದು ತಕರಾರು. ತಡವಾಗಿ ತಲುಪಿದರೆ, ಮಹಾರಾಣಿಯವರ ಸವಾರಿ ಈಗ ಬಂತು ಎಂದು ತಕರಾರು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಒಂದೇ ಮನೆಯಿಂದ, ಒಂದೇ ಬಾಗಿಲಿನಿಂದ, ಒಂದೇ ತಿಂಡಿ ತಿಂದು ಹೊರಟು, ಒಬ್ಬರು ಆಚೆ ಒಬ್ಬರು ಈಚೆ ಹೋಗಿ, ಒಂದೇ ಕಿಟಕಿಯ ಎರಡು ಬದಿಯಲ್ಲಿ ಮುಖ ಊದಿಸಿಕೊಂಡು ನಿಲ್ಲುವುದನ್ನು ನೋಡಿ ಗಿರಾಕಿಗಳು ನನಗೆ ಫೋನ್ ಮಾಡಿ ಮನೆಯಲ್ಲಿ ಎಲ್ಲಾ ಸೌಖ್ಯವೇ ಎಂದು ವಿಚಾರಿಸತೊಡಗಿದರು.

ಆಗಲೇ ಮಾತು ನಿಂತಿತು, ಮಾನ್ಯರೇ. ಊಟಕ್ಕೆ ಕೂತರೆ, ಅಮ್ಮಾ ನಿನ್ನ ತಮ್ಮನಿಗೆ ನೀರು ಬೇಕೇನೋ ಕೇಳು ಎನ್ನುವವಳು ಅವಳು. ಅಕ್ಕಾ ನಿನ್ನ ಮಗಳಿಗೆ ಹೇಳು, ನಾಳೆ ಅಳತೆ ಟೇಪು ಮರೆಯೋದು ಬೇಡ ಎನ್ನುವವನು ಅವನು. ಇಬ್ಬರ ನಡುವೆ ಒಂದು ಮೊಳ ಜಾಗ. ನಾನು ಅನ್ನ ಬಡಿಸುವುದೋ, ಅಂಚೆ ಹಂಚುವುದೋ?

ಈಗ ತಮ್ಮ ಹೊಗಳಿಕೆಗೆ ಬರುತ್ತೇನೆ. ಇಷ್ಟೆಲ್ಲ ನಡೆಯುವಾಗ ತಾವು ಕಾಪಾಡಿಕೊಂಡು ಬಂದ ನಿಷ್ಪಕ್ಷಪಾತತೆ ದೊಡ್ಡದು. ತಮ್ಮ ಮಡಿಲಲ್ಲಿ ನನ್ನ ತಮ್ಮನ ಊಟದ ಡಬ್ಬಿ ಕೂರುತ್ತದೆ, ಬಟ್ಟೆ ಹರಿದ ಛತ್ರಿ ಕೂರುತ್ತದೆ, ಖಾಲಿ ಸಿಲಿಕಾನ್ ಟ್ಯೂಬುಗಳು ಸಂಸಾರ ಸಮೇತ ಕೂರುತ್ತವೆ, ಯಾರೋ ಬಿಟ್ಟುಹೋಗಿ ಮತ್ತೆ ಕೇಳದ ಒಂದು ಕಾಲಿನ ಬೂಟು ಕೂಡ ಕೂರುತ್ತದೆ. ಇವುಗಳಲ್ಲಿ ಯಾವುದಕ್ಕೂ ಕಮಾನು ಕತ್ತರಿಸಲು ಬರುವುದಿಲ್ಲವೆಂಬುದನ್ನು ತಾವು ದೊಡ್ಡ ಮನಸ್ಸಿನಿಂದ ಕಡೆಗಣಿಸಿದ್ದೀರಿ. ಅರ್ಹತೆ ನೋಡದೆ ಸ್ಥಾನ ಕೊಡುವ ಈ ಔದಾರ್ಯವನ್ನು ಎಷ್ಟೋ ದೊಡ್ಡ ಕಚೇರಿಗಳು ತಮ್ಮಿಂದ ಕಲಿತಂತೆ ಕಾಣುತ್ತದೆ.

ಕ್ಷೌರದಂಗಡಿಯ ಕನ್ನಡಿಯ ದಿನವನ್ನು ತಾವು ಮರೆತಿರಲಾರಿರಿ. ಗೋಡೆಯಷ್ಟಲ್ಲದಿದ್ದರೂ ಬಾಗಿಲಿನ ಅರ್ಧದಷ್ಟಿದ್ದ ಕನ್ನಡಿ ಅದು. ಮಗಳು ಎಂದಿನಂತೆ ಬಸ್ಸಿನಲ್ಲಿ ಹೋಗಿ, ಒಡೆದಿದ್ದ ಹಳೆಯದನ್ನು ಗೋಡೆಯಿಂದ ಬಿಡಿಸಿ, ಗೋಡೆ ಒರೆಸಿ ಸಿದ್ಧಮಾಡಿಟ್ಟಿದ್ದಾಳೆ. ಕ್ಷೌರಿಕ ಆಗಲೇ ಒಬ್ಬರ ಕೆನ್ನೆಗೆ ನೊರೆ ಹಚ್ಚಿಬಿಟ್ಟಿದ್ದಾನೆ, ಆ ಮನುಷ್ಯ ಖಾಲಿ ಗೋಡೆಯನ್ನು ನೋಡುತ್ತಾ ತನ್ನ ಮುಖ ಬರುವುದನ್ನು ಕಾಯುತ್ತಾ ಕೂತಿದ್ದಾನೆ. ಇತ್ತ ನನ್ನ ತಮ್ಮನಿಗೆ ಕನ್ನಡಿ ಹಿಡಿಯಲು ಹಿಂದೆ ಯಾರೂ ಇಲ್ಲ, ಇಷ್ಟು ದಿನ ಕಿಟಕಿ ಗಾಜನ್ನು ಬೆಲ್ಟಿಗೇ ಒಪ್ಪಿಸಿ ಹೇಗೋ ಒಯ್ದಿದ್ದ, ಆದರೆ ಕನ್ನಡಿಯನ್ನು ಮೇಲೊಂದು ಕೈಯಿಲ್ಲದೆ ಒಯ್ಯಲು ಅವನ ಧರ್ಮ ಒಪ್ಪುವುದಿಲ್ಲ. ಆಗ ಅವನು ಏನು ಮಾಡಿದ? ತಮ್ಮ ಮೇಲಿನ ಡಬ್ಬಿ, ಛತ್ರಿ, ಬೂಟುಗಳನ್ನೆಲ್ಲ ಕೆಳಗಿಳಿಸಿ, ಒಂದು ಕಂಬಳಿ ಹಾಸಿ, ಆ ಕನ್ನಡಿಯನ್ನು ತಮ್ಮ ಮೇಲೆ ಕೂರಿಸಿ, ಬೆಲ್ಟು ಕಟ್ಟಿ, ಒಂದು ಕೈ ಅದರ ಭುಜದ ಮೇಲಿಟ್ಟುಕೊಂಡು ಹೊರಟ.

ಕನ್ನಡಿ ಆ ಬದಿಯ ಕಿಟಕಿಯನ್ನು ಪೂರಾ ಮುಚ್ಚಿತ್ತು. ಅತ್ತ ತಿರುಗಬೇಕೆಂದರೆ ರಸ್ತೆ ಕಾಣದು, ಕಾಣುವುದು ಸ್ವಂತ ಮೀಸೆ ಮಾತ್ರ. ಹಾಗಾಗಿ ಆ ಮಹಾನುಭಾವ ತನ್ನ ಬದಿಗೆ ಮಾತ್ರ ತಿರುಗಿಸುತ್ತಾ, ತಿರುಗಿಸುತ್ತಾ, ಇಡೀ ಊರಿಗೆ ಪ್ರದಕ್ಷಿಣೆ ಹಾಕುತ್ತಾ, ಒಂದೇ ಪೆಟ್ರೋಲ್ ಬಂಕಿನ ಹುಡುಗನಿಗೆ ಮತ್ತೆ ಮತ್ತೆ ಮುಖ ತೋರಿಸುತ್ತಾ ಕ್ಷೌರದಂಗಡಿ ತಲುಪುವ ಹೊತ್ತಿಗೆ, ಕೆನ್ನೆಯ ನೊರೆ ಒಣಗಿ ಉದುರಿ ಆ ಗಿರಾಕಿ ಅದೇ ಗಡ್ಡದಲ್ಲಿ ಕೆಲಸಕ್ಕೆ ಹೋಗಿಯಾಗಿತ್ತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ, ಕನ್ನಡಿಗೆ ಒಂದು ಗೀರೂ ಬಿದ್ದಿಲ್ಲ ನೋಡು ಅಕ್ಕಾ ಎಂದು ರಾತ್ರಿ ನನ್ನೆದುರು ಹೆಮ್ಮೆಪಟ್ಟ.

ಆದರೆ ಮಗಳು ನೋಡಿದ್ದು ಗೀರನ್ನಲ್ಲ. ತಮ್ಮ ಮೇಲೆ ಬೆಲ್ಟು ಕಟ್ಟಿಸಿಕೊಂಡು, ಕಂಬಳಿ ಹಾಸಿಸಿಕೊಂಡು, ಆರಾಮವಾಗಿ ಬಂದಿಳಿದ ಕನ್ನಡಿಯನ್ನು ನೋಡಿದಳು. ಅದನ್ನು ಗೋಡೆಗೆ ಕೂರಿಸಿದಳಂತೆ, ಮನೆಗೆ ಬಂದು ಕೈತೊಳೆದಳು, ಆಮೇಲೆ ನನ್ನ ಹತ್ತಿರ ಬಂದು, ಅಮ್ಮಾ, ಆ ಕನ್ನಡಿ ಎಷ್ಟು ವರ್ಷ ಕೆಲಸ ಕಲಿತಿತ್ತಂತೆ, ನಿನ್ನ ತಮ್ಮನ್ನ ಕೇಳು ಎಂದಳು. ನಾನು ಕೇಳಲಿಲ್ಲ. ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಅವನು ಕೂತಿದ್ದ. ಮುಂದಿನ ವಾರ ಅವಳು ಪಕ್ಕದೂರಿನ ಇನ್ನೊಬ್ಬ ಗಾಜಿನ ಮೇಸ್ತ್ರಿಯ ಬಳಿ ಸೇರಿ, ಅಲ್ಲೇ ಒಂದು ಕೋಣೆ ಹಿಡಿದಳು.

ಇದು ನನ್ನ ದೂರು. ಅವಳಿಲ್ಲದೆ ನನಗೆ ಬೆಳಗಾಗುವುದಿಲ್ಲ ಎಂಬುದನ್ನು ಯಾವ ಸಭ್ಯ ಭಾಷೆಯಲ್ಲಿ ಬರೆಯಬೇಕೋ ಗೊತ್ತಾಗದೆ ಹೀಗೇ ಬರೆಯುತ್ತಿದ್ದೇನೆ. ಮಾತಾಡದ ಇಬ್ಬರ ನಡುವೆ ಬಡಿಸುವುದು ಕಷ್ಟವೆಂದುಕೊಂಡಿದ್ದೆ. ಮಾತಾಡಲು ಯಾರೂ ಇಲ್ಲದ ಒಬ್ಬನಿಗೆ ಬಡಿಸುವುದು ಅದಕ್ಕಿಂತ ಕಷ್ಟ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ಆ ಬೂಟಿಗೆ ಕೊಟ್ಟ ಗೌರವದಲ್ಲಿ ಅರೆಪಾವಿನಷ್ಟನ್ನಾದರೂ ಮನುಷ್ಯರಿಗೆ ಹಂಚಬೇಕು. ಸಾಧ್ಯವಾದರೆ ತಾವೇ ಒಂದು ದಿನ ಬಕೆಟ್ಟಿನ ಮೇಲೆ ಕೂತು ಕೆಲಸದ ಜಾಗದವರೆಗೆ ಹೋಗಿ ಬರಬೇಕು, ಬಂದ ಮೇಲೆ ತಮ್ಮ ಸೊಂಟಕ್ಕೆ ನಾನೇ ಎಣ್ಣೆ ಹಚ್ಚಿ ಕೊಡುತ್ತೇನೆ. ಇಲ್ಲವಾದರೆ ನನ್ನ ತಮ್ಮ ಕೂತ ಕೂಡಲೇ ಅವನ ಕಿವಿಯ ಹತ್ತಿರ ಬಾಗಿ, ತಪ್ಪಾಯ್ತು ಬಾ ಎಂಬ ಎರಡು ಮಾತು ಆಡಿದರೆ ನಾಲಗೆ ಸವೆಯುವುದಿಲ್ಲವೆಂದು ತಿಳಿಸಬೇಕು. ನಾನು ಹೇಳಿ ಸಾಕಾಗಿದೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಅಕ್ಕನ ಮಾತು ರುಚಿಸುವುದಿಲ್ಲ. ಇವು ಯಾವುವೂ ಆಗದಿದ್ದಲ್ಲಿ ತಾವು ರಾಜೀನಾಮೆ ಕೊಡುವುದು ಲೇಸು.

ಇಷ್ಟು ಬರೆದು ಎದ್ದಿದ್ದೆ. ಅಷ್ಟರಲ್ಲಿ ಪಕ್ಕದೂರಿನ ಆ ಹೊಸ ಮೇಸ್ತ್ರಿಯ ಫೋನು ಬಂತು. ಅವರದ್ದೂ ದೂರೇ. ನಿಮ್ಮ ಹುಡುಗಿ ಕೆಲಸದಲ್ಲಿ ಚಿನ್ನ, ಆದರೆ ಏನಮ್ಮಾ ಇದು, ನಾನು ಮರ್ಯಾದೆಯಿಂದ ಮುಂದಿನ ಸೀಟು ಕೊಟ್ಟರೆ ಒಂದೇ ದಿನ ಕೂತಳು, ಎರಡನೇ ದಿನದಿಂದ ಹಿಂದೆ ಹತ್ತಿ ಗಾಜಿನ ಮೇಲೆ ಕೈಯಿಟ್ಟುಕೊಂಡು ಕೂರ್ತಾಳೆ, ನಿಮ್ಮ ಬೆಲ್ಟು ಸಡಿಲ, ಗಾಜು ಗುಂಯ್ ಅಂತಿದೆ ಅಂತ ದಾರಿಯುದ್ದಕ್ಕೂ ಕೂಗ್ತಾಳೆ, ನಿನ್ನೆ ಒಂದು ಬಕೆಟ್ ಇದ್ದರೆ ಕೊಡಿ ಅಂತ ಕೇಳಿದಳು, ನೋಡಿದವರು ನನ್ನನ್ನು ಏನಂದುಕೊಳ್ಳಬೇಕು ಎಂದರು. ನಾನು ಹೂಂ ಎಂದೆ, ಹೂಂ ಎಂದೆ, ಫೋನು ಇಟ್ಟ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ, ಆಮೇಲೆ ಅಳುವೂ ಬಂತು.

ಅಂದು ರಜೆಯ ದಿನ, ನನ್ನ ತಮ್ಮ ಊಟಕ್ಕೆ ಕೂತಿದ್ದ. ಆ ಮೇಸ್ತ್ರಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗೆದ್ದೆನೆಂದು ಮೀಸೆ ತಿರುವುತ್ತಾನೆ ಎಂದುಕೊಂಡಿದ್ದೆ. ತಿರುವಲಿಲ್ಲ. ಬಕೆಟ್ ಕೇಳಿದಳಾ ಎಂದು ಒಂದು ಸಲ ಕೇಳಿದ. ಆಮೇಲೆ ಕೈತೊಳೆದು, ಸ್ಪ್ಯಾನರು ತೆಗೆದುಕೊಂಡು ಹೊರಗೆ ಹೋದ.

ಮುಂದಿನದನ್ನು ತಾವು ಸ್ವತಃ ಅನುಭವಿಸಿದ್ದೀರಿ. ನಟ್ಟು ಬೋಲ್ಟು ಸಮೇತ ತಮ್ಮನ್ನು ಮುಂದಿನ ಸ್ಥಾನದಿಂದ ಕಿತ್ತು, ವ್ಯಾನಿನ ಹಿಂಭಾಗದಲ್ಲಿ ಗಾಜಿನ ಸ್ಟ್ಯಾಂಡಿನ ಪಕ್ಕಕ್ಕೆ ಬಿಗಿಯಲಾಯಿತು, ಬೆಲ್ಟನ್ನೂ ಹಾಕಲಾಯಿತು, ಹರಿದ ಮೂಲೆಗೆ ಟೇಪು ಸುತ್ತಲಾಯಿತು, ಸೀಟಿಗೂ ಗಾಜಿಗೂ ನಡುವೆ ದಪ್ಪ ಹಲಗೆಯೊಂದು ಎದ್ದು ನಿಂತಿತು, ಅಂಗೈ ತೂರುವಷ್ಟು ಕಿಂಡಿ ಬಿಟ್ಟು. ಊಟದ ಡಬ್ಬಿ ಈಗ ಮುಂದೆ ಬಕೆಟ್ಟಿನ ಮೇಲೆ ಕೂತಿದೆ. ಹೀಗೆ ಏಕಾಏಕಿ ತಮಗೆ ವರ್ಗಾವಣೆಯಾಗಿರುವುದಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಹಿಂಬದಿಗೆ ಹಾಕಿದರೆಂದು ಬೇಸರ ಬೇಡ, ಕಸುಬು ಕಲಿಯುವುದು ಅಲ್ಲಿಯೇ ಎಂದು ದೊಡ್ಡವರು ಹೇಳುತ್ತಾರೆ.

ಮಗಳಿಗೆ ಫೋನ್ ಮಾಡಿ, ನಿನ್ನ ಮಾವ ಹೀಗೆ ಮಾಡಿದ್ದಾನೆ ಎಂದಷ್ಟೇ ಹೇಳಿದೆ. ಆಮೇಲೆ ಹೇಳ್ತೀನಿ ಎಂದು ಇಟ್ಟಳು. ಬರುತ್ತಾಳೋ ಇಲ್ಲವೋ ತಿಳಿಯದು. ಬಂದರೆ ದಯವಿಟ್ಟು ಕಿರುಗುಟ್ಟದೆ, ಚುಚ್ಚದೆ, ಮೆತ್ತಗೆ ನಡೆದುಕೊಳ್ಳಿ. ಬಾರದಿದ್ದರೆ ನಾನೇ ಅಂಗಡಿ ಬಿಟ್ಟು ತಮ್ಮ ಮೇಲೆ ಬಂದು ಕೂರುತ್ತೇನೆ, ನನ್ನ ತೂಕದ ಬಗ್ಗೆ ತಮಗೆ ಇನ್ನೂ ಅಂದಾಜಿಲ್ಲ.

ಎಷ್ಟು ವಿಶ್ವಾಸ ಉಳಿದಿದೆಯೆಂದು ಕೇಳದಿದ್ದರೆ,
ತಮ್ಮ ವಿಶ್ವಾಸಿ,
ಗಾಜಿನಂಗಡಿಯ ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಗಳ ಫೋನು ಬಂತು. ನಮಸ್ಕಾರವಿಲ್ಲ, ಕುಶಲವಿಲ್ಲ, ಸೀಟಲ್ಲಿ ಕೂತರೆ ಗಾಜು ಯಾವ ಕೈಗೆ ಬರುತ್ತೆ ಅಂತ ಕೇಳು ಎಂದಳು. ನೋಡಿದರೆ ಎಡಗೈಗೆ. ನನ್ನ ತಮ್ಮ ಎಡಚ, ತನ್ನ ಅಳತೆಗೇ ಬಿಗಿದಿದ್ದಾನೆ. ಅದನ್ನು ಹೇಳಿದ್ದೇ ತಡ, ನಾನು ಬಲಗೈಯವಳು, ಇಷ್ಟು ದಿನ ಹಿಂದೆ ಕೂತಿದ್ದು ಮಾವನ ಕಣ್ಣಿಗೆ ಬಿದ್ದೇ ಇಲ್ವಾ, ಸೋಮವಾರದೊಳಗೆ ಬಿಚ್ಚಿ ಆ ಕಡೆಗೆ ಹಾಕೋಕೆ ಹೇಳು ಎಂದು ರೇಗಿದಳು. ಅವನು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಎಡಗೈಯಲ್ಲಿ ಹಿಡಿಯೋಕೂ ಕಲಿಬೇಕು ಕಣೇ ಎಂದು ಶುರುಮಾಡಿದವನು ಇನ್ನೂ ನಿಲ್ಲಿಸಿಲ್ಲ, ಅವಳೂ ನಿಲ್ಲಿಸಿಲ್ಲ. ಅನ್ನ ಆರುತ್ತಿದೆ. ನಾನು ಊಟಕ್ಕೆ ಕರೆಯಲಿಲ್ಲ.