ಕಿವುಡು ಚಿಪ್ಪಿಗೆ ಖಂಡೆ ಪೂಜೆ

ಗಂಡಸರಲ್ಲಿ ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ರಾಜಕೀಯದ ಚಟ. ನನಗೆ ಅಂಟಿದ್ದು ನೀರಿನ ಪಿಸುಮಾತು ಕೇಳುವ ಚಟ. ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ, ಇದು ಪಿಎಚ್.ಡಿ. ವಿಷಯ, ಎರಡಕ್ಕೂ ಅಂಥ ಅಂತರವಿಲ್ಲ ಎನ್ನುವವರೊಡನೆ ನಾನು ವಾದಿಸುವುದಿಲ್ಲ. ದೊಡ್ಡ ದವಾಖಾನೆಗಳಲ್ಲಿ ಮನುಷ್ಯರನ್ನು ಮಲಗಿಸಿ ಒಳಕ್ಕೆ ತಳ್ಳುವ ಎಂ.ಆರ್.ಐ. ಯಂತ್ರವಿದೆಯಲ್ಲ, ನನ್ನದು ಅದರ ದೂರದ ನೆಂಟ. ಅಯಸ್ಕಾಂತದ ನಡುವೆ ನೀರಿಟ್ಟು ರೇಡಿಯೋ ಅಲೆಯಿಂದ ಕೆಣಕಿದರೆ ಅದರಲ್ಲಿರುವ ಹೈಡ್ರೋಜನ್ ಸಣ್ಣಗೆ ಗುನುಗುತ್ತದೆ, ಆ ಗುನುಗು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಅದನ್ನು ಕೇಳಲು ಕೋಣೆ ತುಂಬುವಷ್ಟು ಸಾಮಾನು ಬೇಕು. ಅಷ್ಟನ್ನೂ ಉಗುರಿನಗಲದ ಸಿಲಿಕಾನ್ ಚಿಪ್ಪಿಗೆ ಇಳಿಸಿ, ಬುತ್ತಿ ಡಬ್ಬಿಯಷ್ಟು ಯಂತ್ರ ಮಾಡುತ್ತೇನೆಂದು ಹೊರಟವನು ನಾನು.

ಬಾಗಲಕೋಟೆಯ ನವನಗರದ ಬಾಡಿಗೆ ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆಯನ್ನು ನನ್ನ ಹೆಂಡತಿ ಗಿರಿಜಾ ಇದಕ್ಕೆ ಬಿಟ್ಟುಕೊಟ್ಟಿದ್ದಳು. ಅವಳ ಪಿನ್ನುಗಳನ್ನೆಲ್ಲ ಅಯಸ್ಕಾಂತ ಒಂದೊಂದಾಗಿ ನುಂಗಿತು, ಗಡಿಯಾರ ಕೆಟ್ಟು ನಿಂತಿತು, ಚಿಪ್ಪು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಕಾಲೇಜಿನ ಮಾಸ್ತರು ಮನೆಯಲ್ಲೇ ಸ್ಕ್ಯಾನಿಂಗ್ ಮಾಡುತ್ತಾರೆಂದು ನನ್ನ ಬಗ್ಗೆ ಸುದ್ದಿ ಹಬ್ಬಿ, ಪಕ್ಕದ ಮನೆಯ ಅಜ್ಜ ಧೋತರ ಎತ್ತಿಕೊಂಡು ಮೊಣಕಾಲು ತೋರಿಸಲು ಬಂದ. ಇದರಲ್ಲಿ ಒಂದು ಹನಿ ನೀರಷ್ಟೇ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದೆ. ಮೊಣಕಾಲಲ್ಲೂ ನೀರೇ ತುಂಬಿದೆ ಎಂದು ಡಾಕ್ಟರು ಹೇಳಿದ್ದಾರೆ ಎಂದ ಅಜ್ಜ. ಚಹಾ ಕೊಟ್ಟು ಕಳಿಸಿದೆವು.

ನನ್ನ ಪಿಎಚ್.ಡಿ. ಗೈಡ್ ಮಾತ್ರ ಚಹಾಕ್ಕೆ ಬಗ್ಗುವವರಲ್ಲ. ದಸರೆ ಮುಗಿದ ಮೇಲೆ ಬರುತ್ತೇನೆ, ಪರದೆಯ ಮೇಲೆ ಗೆರೆ ಏಳದಿದ್ದರೆ ಇದನ್ನು ಕೈಬಿಟ್ಟು ಬೇರೆ ವಿಷಯ ಹಿಡಿಯಿರಿ ಎಂದು ಮೆತ್ತಗೆ ಹೇಳಿಬಿಟ್ಟರು. ಗಿರಿಜಾಳಿಗೆ ನನಗಿಂತ ಹೆಚ್ಚು ನೋವಾಯಿತು. ನಿನ್ನ ಗಂಡ ಆ ಕೋಣೆಯಲ್ಲಿ ಏನು ಮಾಡುತ್ತಾನೆ ಎಂದು ಇಳಕಲ್ಲಿನ ತವರಿನವರು ಕೇಳಿದಾಗಲೆಲ್ಲ, 'ಭಾಳ ಸಣ್ಣದು, ಭಾಳ ದೊಡ್ಡ ಕೆಲಸ' ಎಂದು ಹೇಳಿಕೊಂಡು ಬಂದವಳು ಅವಳು.

ಅವಳ ತವರು ನೇಕಾರರ ಮನೆ. ದಸರೆಯ ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಮಗ್ಗಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಎರಡು ಹನಿ ಚಿಮುಕಿಸುವುದು ಅಲ್ಲಿಯ ರೂಢಿ. ನನ್ನ ಯಂತ್ರಕ್ಕೂ ಪೂಜೆಯಾಗಬೇಕೆಂದಳು. ಆಗಲಿ, ಆದರೆ ಒದ್ದೆ ಕೈ ಹತ್ತಿರ ತರಬೇಡ ಎಂದು ಕಟ್ಟಪ್ಪಣೆ ಮಾಡಿ ನಾನು ಸ್ನಾನಕ್ಕೆ ಹೋದೆ. ನೀರೆಂದರೆ ನನಗೆ ಅಷ್ಟು ಭಯ. ಪರೀಕ್ಷೆಯ ನೀರನ್ನೂ ಗಾಜಿನ ನಳಿಕೆಯಲ್ಲಿ ಭದ್ರವಾಗಿ ಮುಚ್ಚಿಯೇ ಚಿಪ್ಪಿನ ಮೇಲಿಡುತ್ತಿದ್ದೆ.

ಪೂಜೆ ಮುಗಿದ ಮೇಲೆ, ನಳಿಕೆ ಇಡುವ ಮೊದಲೇ, ಸುಮ್ಮನೆ ಸ್ವಿಚ್ ಹಾಕಿದೆ. ಪರದೆಯ ಮೇಲೆ ಗೆರೆ ಎದ್ದು ನಿಂತಿತು. ನೀರೇ ಇಲ್ಲದೆ ನೀರಿನ ಗೆರೆ! ಯಾವುದೋ ರೇಡಿಯೋ ಸ್ಟೇಷನ್ ಇರಬೇಕೆಂದು ತಂತಿ ಬಿಚ್ಚಿ ಕಟ್ಟಿದೆ, ಕುರ್ಚಿ ಸರಿಸಿದೆ, ಫ್ಯಾನ್ ನಿಲ್ಲಿಸಿದೆ. ಗೆರೆ ಜಗ್ಗಲಿಲ್ಲ. ಕೊನೆಗೆ ಚಿಪ್ಪನ್ನು ಬಟ್ಟೆಯಿಂದ ಒರೆಸಿದೆ. ಗೆರೆ ಮಾಯವಾಯಿತು. ಬಟ್ಟೆ ಮೂಸಿದರೆ ತೆಂಗಿನಕಾಯಿ.

ಬಾಗಿಲಲ್ಲಿ ನಿಂತಿದ್ದ ಗಿರಿಜಾಳ ಮುಖ ಬಾಡಿತ್ತು. "ಒಂದ ಹನಿರಿ. ಮಗ್ಗಕ್ಕ ಹಾಕಿ ರೂಢಿ, ಕೈ ತಡೀಲಿಲ್ಲ. ಕೆಟ್ಟತೇನು?"

ಕೆಟ್ಟಿರಲಿಲ್ಲ. ಮೊದಲಿನಿಂದಲೂ ಅದು ಸರಿಯಾಗಿಯೇ ಇತ್ತು. ಅಷ್ಟು ಸಣ್ಣ ಚಿಪ್ಪಿಗೆ ಮೈಗೆ ಹತ್ತಿದ್ದು ಮಾತ್ರ ಕೇಳಿಸುತ್ತದೆ. ನಾನೋ ನಡುವೆ ದಪ್ಪ ಗಾಜಿನ ಗೋಡೆ ಕಟ್ಟಿ, ಅದನ್ನು ಕಿವುಡು ಎಂದು ಬೈಯುತ್ತಿದ್ದೆ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನೇರ ಫೋನಿನ ಹತ್ತಿರ ಹೋದಳು. ಇಳಕಲ್ಲಿಗೆ ಸುದ್ದಿ ಮುಟ್ಟಿದ ಮೇಲೆಯೇ ನಮಗೆ ಊಟ.

ಗೈಡ್ ಬಂದರು. ಬರಿಯ ನೀರಿನ ಹನಿಯಿಟ್ಟು ಗೆರೆ ತೋರಿಸಿದೆ. ತಲೆದೂಗಿದರು, ಮುಂದುವರಿಸಿ ಎಂದರು, ಚಹಾವನ್ನೂ ಕುಡಿದರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದಾಗ ಗಿರಿಜಾ ಯಂತ್ರದ ಮುಂದೆ ಕೂತಿದ್ದಳು. ಮನುಷ್ಯರ ಮಾತೂ ಇದಕ್ಕೆ ಕೇಳುತ್ತದೆಯೇ ಎಂದಳು. ನಮ್ಮೊಳಗೂ ನೀರೇ ಅಲ್ಲವೇ, ಕೇಳಬೇಕು ಎಂದೆ. ಉಂಗುರ ತೆಗೆದಿಟ್ಟು, ಬಳೆ ಹಿಂದಕ್ಕೆ ಸರಿಸಿ, ಕಿರುಬೆರಳನ್ನು ಅಯಸ್ಕಾಂತದ ಸಂದಿಗೆ ತೂರಿಸಿ ಚಿಪ್ಪಿನ ಮೇಲಿಟ್ಟಳು. ಗೆರೆ ಮೆಲ್ಲಗೆ ಎದ್ದಿತು. ಅವಳು ಪರದೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಏನ ಅಂತೈತ್ರಿ?"

"ಹೈಡ್ರೋಜನ್ ಐತಿ ಅಂತೈತಿ."

"ಅಷ್ಟ?"

"ಅಷ್ಟ."

ಬೆರಳು ತೆಗೆದು, ಉಂಗುರ ಹಾಕಿಕೊಂಡು ಎದ್ದಳು. ಅವಳು ಕೇಳಿದ್ದು ಹೈಡ್ರೋಜನ್ನಿನ ಮಾತನ್ನಲ್ಲ ಎಂಬುದು, ಪಿಸುಮಾತು ಹಿಡಿಯುವುದನ್ನೇ ವಿದ್ಯೆ ಮಾಡಿಕೊಂಡವನಿಗೆ ಆಗ ತಲೆಗೆ ಹೊಳೆಯಿತು. ಇನ್ನೊಮ್ಮೆ ಇಡು, ಸರಿಯಾಗಿ ನೋಡಿ ಹೇಳುತ್ತೇನೆ ಎಂದೆ. ಹಾಲು ಉಕ್ಕುತ್ತದೆ ಎಂದು ಹೊರಟೇಹೋದಳು. ಹಿಂದೆಯೇ ಹೋಗಿ ನೋಡಿದೆ. ಒಲೆಯ ಮೇಲೆ ಹಾಲಿರಲಿಲ್ಲ.