ಶೇಂಗಾದ ನೀಲಿ ಚುಕ್ಕೆ

ವಿಷ ಹುಡುಕುವ ಕೆಲಸದಲ್ಲಿ ನಗು ಸಿಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನನಗೆ ವಾರಕ್ಕೊಂದಾದರೂ ಸಿಗುತ್ತಿತ್ತು. ಚಳ್ಳಕೆರೆಯಲ್ಲಿ ಹುಟ್ಟಿದ ನಾನು ಎರಡು ಸಾವಿರದ ಇಸವಿಯ ಆಚೀಚೆ ತೆಲುಗು ಸೀಮೆಯ ಬಂದರಿನ ಕಡೆ, ದುವ್ವಾಡದ ಹತ್ತಿರ ಒಂದು ಲ್ಯಾಬಿನಲ್ಲಿದ್ದೆ. ಶೇಂಗಾಕ್ಕೆ ಹೊಲದಲ್ಲೇ ಒಂದು ಬೂಷ್ಟು ಹತ್ತಿ, ಬೀಜದೊಳಗೆ ವಿಷ ಬಿಡುತ್ತದೆ. ಆ ವಿಷ ಮಿತಿ ಮೀರಿಲ್ಲವೆಂದು ನಾವು ಬರೆದುಕೊಟ್ಟರೆ ಮಾತ್ರ ಮೂಟೆ ಹಡಗು ಹತ್ತುತ್ತಿತ್ತು.

೧. ಡಬ್ಬಿ

ವಿಜಯವಾಡದ ವ್ಯಾಪಾರಿಯೊಬ್ಬರು ಮೊದಲ ಸಲ ಹೊರದೇಶಕ್ಕೆ ಕಳಿಸಲು ಒಂದು ಲಾರಿ ಶೇಂಗಾ ಬೀಜ ತಂದಿದ್ದರು. ಮಾಲು ವಾಪಸಾದರೆ ತಮ್ಮೂರಿನ ಬೆಂಜ್ ಸರ್ಕಲ್‌ನಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಅಂದರು. ಸ್ಯಾಂಪಲ್ ಅಂತ ಸ್ಟೀಲ್ ಡಬ್ಬಿ ಮುಂದಿಟ್ಟರು. ಒಳಗೆ ಒಂದೇ ಅಳತೆಯ, ಮಿರಮಿರ ಮಿಂಚುವ ಬೀಜ.

"ಯಾರು ಆರಿಸಿದ್ದು?"

"ನಮ್ಮ ಮನೆಯವರು, ನಮ್ಮ ಅತ್ತಿಗೆ. ಮೂರು ದಿನ ಕೂತು, ಮೇಡಂಗಾರು."

"ಹಾಗಾದರೆ ಸರ್ಟಿಫಿಕೇಟು ಡಬ್ಬಿಗೆ ಮಾತ್ರ. ಲಾರಿಯದು ಬೇಕಾದರೆ ಮೂಟೆಯಿಂದ ನಾನೇ ತೆಗೀಬೇಕು."

ಅವರು ಸ್ವಲ್ಪ ಯೋಚಿಸಿದರು. "ಡಬ್ಬಿ ಒಂದನ್ನೇ ಹಡಗಿಗೆ ಹತ್ತಿಸಿಕೊಳ್ತಾರಾ?"

೨. ನಾಲಿಗೆ

ಲಾರಿಯ ಹತ್ತಿರ ಹೋದೆವು. ನಾನು ಮೂಟೆಗೆ ಕೊಳವೆ ಚುಚ್ಚಿ ಬೀಜ ತೆಗೆದಾಗಲೆಲ್ಲ ಅವರೂ ಅದೇ ಮೂಟೆಯ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡರು.

"ತಿನ್ನಬೇಡಿ, ಪರೀಕ್ಷೆ ಆಗಿಲ್ಲ."

"ಇದೇ ಅಲ್ಲವಾ ಪರೀಕ್ಷೆ? ಮೂವತ್ತು ವರ್ಷದಿಂದ ರುಚಿ ನೋಡೇ ಕೊಂಡಿದ್ದೀನಿ."

"ಈ ವಿಷಕ್ಕೆ ರುಚಿಯಿಲ್ಲ. ಹುರಿದರೂ ಹೋಗಲ್ಲ."

ಅಗಿಯುವುದು ಅರ್ಧಕ್ಕೆ ನಿಂತಿತು. ಉಗುಳೋಣವೆಂದರೆ ಎದುರಿಗೆ ಹೆಂಗಸು. ಮರ್ಯಾದೆಗೆ ನುಂಗಿದರು.

೩. ಕತ್ತಲೆ ಕೋಣೆ

ಮರುದಿನ ಬೀಜದ ಸಾರವನ್ನು ಗಾಜಿನ ಹಲಗೆಗೆ ಹಾಕಿ ತಯಾರು ಮಾಡಿದೆ. ಕತ್ತಲೆಯಲ್ಲಿ ನೇರಳೆ ದೀಪ ಹಿಡಿದರೆ ವಿಷವಿದ್ದ ಕಡೆ ನೀಲಿ ಚುಕ್ಕೆ ಹೊಳೆಯುತ್ತದೆ ಎಂದು ವ್ಯಾಪಾರಿಗೆ ಹೇಳಿದೆ. ಕಣ್ಣಾರೆ ನೋಡಬೇಕೆಂದು ಅವರೂ ಒಳಗೆ ಬಂದರು. ಒಳ್ಳೆಯ ಸುದ್ದಿ ಕೇಳಲೆಂದು ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ ಹಾಕಿದ್ದರು.

ದೀಪ ಹಾಕಿದೆ. ಅವರ ಬೀಜದ ಜಾಗದಲ್ಲಿ ಯಾವ ಚುಕ್ಕೆಯೂ ಇರಲಿಲ್ಲ.

"ಪಾಸು," ಅಂದೆ.

ತಿರುಗಿದರೆ ಅವರು ತಮ್ಮ ಎದೆಯನ್ನೇ ನೋಡಿಕೊಂಡು ನಿಂತಿದ್ದರು. ಅಂಗಿ, ಪಂಚೆ ಎಲ್ಲ ನೀಲಿಯಾಗಿ ಬೆಳಗುತ್ತಿತ್ತು.

"ಮೇಡಂಗಾರು, ವಿಷವನ್ನೆಲ್ಲ ನಾನೇ ತಿಂದು ಮುಗಿಸಿದೆನಾ?"

"ಅದು ಬಟ್ಟೆ ಸೋಪಿನ ಹೊಳಪು, ಈ ದೀಪಕ್ಕೆ ಅದೂ ನೀಲಿ ಕಾಣುತ್ತೆ. ಇಲ್ಲಿ ನೋಡಿ," ಎಂದು ನನ್ನ ಬಿಳಿ ಕೋಟು ತೋರಿಸಿದೆ. ಅದೂ ಹಾಗೇ ಹೊಳೆಯುತ್ತಿತ್ತು.

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ಅಂದರೆ ನೀವೂ ರುಚಿ ನೋಡೇ ಪಾಸ್ ಮಾಡ್ತೀರಾ?"